ನೋವು: ಶರೀರದ ಕಾವಲುಗಾರ

ಹೊಸೂರಿನ ಗುಲಾಬಿ ತೋಟಗಳಲ್ಲಿ ಹೂ ಬಿಡಿಸುವವರ ಬೆರಳಿಗೆ ಮುಳ್ಳು ಚುಚ್ಚುವುದು ನಿತ್ಯದ ಸಂಗತಿ. ಮುಳ್ಳು ತಗುಲಿದೊಡನೆ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ನೋವು ಅರಿವಿಗೆ ಬರುವುದು ಅನಂತರ. ಈ ಕ್ರಮವನ್ನು ವಿವರಿಸಿದರೆ ನರಮಂಡಲದ ಪಾಠ ಮಕ್ಕಳಿಗೆ ಸುಲಭವಾಗಿ ಮನದಟ್ಟಾಗುತ್ತದೆ.

ಚರ್ಮದಲ್ಲಿ ಹರಡಿರುವ ಸೂಕ್ಷ್ಮ ನರತುದಿಗಳೇ ನೋವುಗ್ರಾಹಕಗಳು. ಅತಿಯಾದ ಒತ್ತಡ, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಹಾಗೂ ಕೆಲವು ರಾಸಾಯನಿಕಗಳು ಇವುಗಳನ್ನು ಕೆರಳಿಸುತ್ತವೆ. ಮೆಣಸಿನಕಾಯಿಯ ಖಾರವೂ ಶಾಖವನ್ನು ಗುರುತಿಸುವ ಗ್ರಾಹಕವನ್ನೇ ಪ್ರಚೋದಿಸುತ್ತದೆ. ಆದುದರಿಂದಲೇ ಖಾರ ತಿಂದಾಗ ಬಾಯಿ 'ಉರಿಯುತ್ತದೆ'. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಗ್ರಾಹಕದಲ್ಲಿ ಹುಟ್ಟಿದ ವಿದ್ಯುತ್ ಸಂಕೇತವು ನರತಂತುವಿನ ಮೂಲಕ ಬೆನ್ನುಹುರಿಯನ್ನು ತಲುಪುತ್ತದೆ. ಅಲ್ಲಿಂದಲೇ ಸ್ನಾಯುಗಳಿಗೆ ಆಜ್ಞೆ ಹೊರಟು ಕೈ ಹಿಂದೆ ಸರಿಯುತ್ತದೆ. ಇದೇ ಪರಾವರ್ತಿತ ಕ್ರಿಯೆ. ಜೊತೆಗೆ ಸಂಕೇತವು ಥಲಾಮಸ್ ಮಾರ್ಗವಾಗಿ ಮೆದುಳಿನ ಹೊರಪದರವನ್ನು ಸೇರಿದಾಗ 'ನೋಯುತ್ತಿದೆ' ಎಂಬ ಅರಿವು ಮೂಡುತ್ತದೆ.

ಸಂಕೇತ ಸಾಗಿಸುವ ತಂತುಗಳು ಎರಡು ಬಗೆ. ತೆಳುವಾದ ಮಯಲಿನ್ ಹೊದಿಕೆಯುಳ್ಳವು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿಯೂ, ಹೊದಿಕೆಯಿಲ್ಲದವು ಸುಮಾರು 0.5ರಿಂದ 2 ಮೀಟರ್ ವೇಗದಲ್ಲಿಯೂ ಸಂಕೇತವನ್ನು ಒಯ್ಯುತ್ತವೆ. ಕಾಲ್ಬೆರಳು ಎಡವಿದಾಗ ಮೊದಲು ಚುಚ್ಚಿದಂತೆ, ತುಸು ತಡೆದು ಉರಿದಂತೆ ಎರಡು ನೋವುಗಳು ಅನುಭವಕ್ಕೆ ಬರುವುದು ಇದರಿಂದಲೇ. ಪೆಟ್ಟಾದಲ್ಲಿ ಉಜ್ಜಿದರೆ ಹಾಯೆನಿಸುವುದೇಕೆ? ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ಭಾಗಶಃ ತಡೆಯುತ್ತವೆ. ಈ 'ದ್ವಾರ ಸಿದ್ಧಾಂತ'ವನ್ನು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದರು.

ನೋವೇ ಇಲ್ಲದಿದ್ದರೆ ಒಳ್ಳೆಯದಲ್ಲವೇ ಎಂದು ಮಕ್ಕಳು ಕೇಳಬಹುದು. ಉತ್ತರ ತಮಿಳುನಾಡಿನಲ್ಲಿಯೇ ಇದೆ. 1914ರಲ್ಲಿ ಕೊಲ್ಲಿಮಲೆಯಲ್ಲಿ ಜನಿಸಿದ ಡಾ. ಪಾಲ್ ಬ್ರಾಂಡ್ 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಸೇವೆ ಸಲ್ಲಿಸಿದರು. ಕುಷ್ಠರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆಂಬ ನಂಬಿಕೆ ತಪ್ಪೆಂದು ಅವರು ತೋರಿಸಿಕೊಟ್ಟರು. ರೋಗಾಣುಗಳಿಂದ ನರಗಳು ಹಾಳಾಗಿ ನೋವು ತಿಳಿಯದಾಗುತ್ತದೆ. ಸುಟ್ಟರೂ ಕೊಯ್ದರೂ ಗಮನಕ್ಕೆ ಬಾರದೆ ಗಾಯಗಳು ಬೆಳೆದು ಅಂಗ ನಷ್ಟವಾಗುತ್ತದೆ.

ಈ ತಿಳಿವು ತರಗತಿಯಾಚೆಗೂ ಉಪಯುಕ್ತ. ಮಗುವಿನ ಮೈಮೇಲೆ ಸ್ಪರ್ಶ ತಿಳಿಯದ, ಬಿಳಿಚಿದ ಅಥವಾ ಕೆಂಪಾದ ಮಚ್ಚೆ ಕಂಡರೆ ಶಿಕ್ಷಕರು ಇತರರ ಮುಂದೆ ಪ್ರಸ್ತಾಪಿಸದೆ, ಪೋಷಕರಿಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಔಷಧ ಅಲ್ಲಿ ಉಚಿತ. ಬೇಗ ಗುರುತಿಸಿದರೆ ರೋಗ ಪೂರ್ಣ ಗುಣವಾಗುತ್ತದೆ, ಅಂಗವೈಕಲ್ಯವೂ ತಪ್ಪುತ್ತದೆ.

ಚಟುವಟಿಕೆ: ಚುಚ್ಚು, ಉರಿ, ಸೆಳೆತ, ಸಿಡಿತ, ನುಲಿತ, ಮರಗಟ್ಟುವಿಕೆ ಮುಂತಾದ ಪದಗಳನ್ನು ಮಕ್ಕಳಿಂದ ಸಂಗ್ರಹಿಸಿ, ಯಾವುದು ಯಾವ ಅಂಗದ ನೋವಿಗೆ ಸಲ್ಲುತ್ತದೆಂದು ಪಟ್ಟಿ ಮಾಡಿಸಿರಿ. ನೋವನ್ನು ಸರಿಯಾದ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ವೈದ್ಯರ ನೆರವೂ ಬೇಗ ದೊರೆಯುತ್ತದೆ.