ನಾಯಿಕೆಮ್ಮನ್ನು ಮನೆಯಲ್ಲಿ ಗುರುತಿಸುವ ಬಗೆ

ನಾಯಿಕೆಮ್ಮು ನೆಗಡಿಯ ವೇಷದಲ್ಲಿ ಮನೆಯನ್ನು ಹೊಗುವ ವ್ಯಾಧಿ. ಮೊದಲ ಒಂದೆರಡು ವಾರಗಳಲ್ಲಿ ಮೂಗು ಸೋರುವುದು, ಸ್ವಲ್ಪ ಕೆಮ್ಮು, ಇಷ್ಟೇ ಅದರ ಲಕ್ಷಣ. ಆಮೇಲೆ ಕೆಮ್ಮು ಬಿಡುವಿಲ್ಲದೆ ಸರಣಿಯಾಗಿ ಬರುವುದು, ಮಗುವಿನ ಮುಖವು ಕೆಂಪೇರುವುದು, ಕೊನೆಯಲ್ಲಿ ಉಸಿರನ್ನು ಒಳಕ್ಕೆಳೆಯುವಾಗ ಕೂಗಿನಂಥ ಧ್ವನಿಯು ಹೊರಡುವುದು, ವಾಂತಿಯಾಗುವುದೂ ಉಂಟು. ಈ ಕೂಗನ್ನು ಕೇಳಿದ ತಾಯಿಗೆ ರೋಗದ ಹೆಸರನ್ನು ಬೇರೊಬ್ಬರು ಹೇಳಬೇಕಾದುದಿಲ್ಲ. ಆದರೆ ಕೂಗು ಕೇಳಿಬರುವುದಕ್ಕೆ ಮುಂಚೆಯೇ ರೋಗವು ಬಲವಾಗಿ ಹರಡುತ್ತಿರುವುದು. ಅಷ್ಟರಲ್ಲಿ ಅದು ತೊಟ್ಟಿಲ ಕೂಸನ್ನೂ ಮುಟ್ಟಿರಬಹುದು.

ಹಾಗಾದರೆ ಮುಂಚಿತವಾಗಿ ತಿಳಿಯುವುದೆಂತು? ಇದರ ಕ್ರಿಮಿಯನ್ನು ಬೆಳೆಸಿದ ವಿಷಯವನ್ನು ಬೋರ್ಡೆ ಮತ್ತು ಜಾಂಗು ಎಂಬ ವಿದ್ವಾಂಸರು 1906ರಲ್ಲಿ ಪ್ರಕಟಿಸಿದರು. ಆ ವಿದ್ಯೆಯನ್ನು ಬಡವರ ಮನೆಬಾಗಿಲಿಗೆ ಕೊಂಡೊಯ್ದವರಲ್ಲಿ ಇಬ್ಬರು ಸ್ತ್ರೀಯರು ಸ್ಮರಣೀಯರು. ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇವರು ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. 1932ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಗ್ರ್ಯಾಂಡ್ ರಾಪಿಡ್ಸ್ ಪಟ್ಟಣದಲ್ಲಿ, ಪ್ರಯೋಗಶಾಲೆಯ ಕೆಲಸ ಮುಗಿದ ತರುವಾಯ, ಸಂಜೆಯ ಹೊತ್ತು ಮನೆಮನೆಗೆ ಹೋಗತೊಡಗಿದರು. ಎಷ್ಟೋ ಮನೆಗಳಲ್ಲಿ ಸೀಮೆಎಣ್ಣೆಯ ದೀಪವೇ ಬೆಳಕು. ಕ್ರಿಮಿಯ ಆಹಾರವನ್ನು ಸವರಿದ ಗಾಜಿನ ತಟ್ಟೆಯನ್ನು ಮಗುವಿನ ಬಾಯಿಯ ಮುಂದೆ ಹಿಡಿದು ಕೆಮ್ಮಿಸುವರು. ಅದನ್ನು ಬೆಚ್ಚಗಿರಿಸಿದರೆ ಕೆಲವು ದಿನಗಳಲ್ಲಿ ಕ್ರಿಮಿಯು ಬೆಳೆದು ಕಾಣಿಸಿಕೊಳ್ಳುವುದು. ರೋಗವು ಹೌದೋ ಅಲ್ಲವೋ ಎಂಬುದೂ, ಮಗುವು ಯಾವಾಗ ಇತರರೊಡನೆ ಬೆರೆಯಬಹುದೆಂಬುದೂ ಇದರಿಂದ ತಿಳಿಯಿತು.

ಈ ಪರಿಚಯದಿಂದಲೇ ಅವರ ಲಸಿಕೆಯೂ ಹುಟ್ಟಿತು. 1934ರಲ್ಲಿ ಆರಂಭವಾದ ಪರೀಕ್ಷೆಯ ಮೊದಲ ಲೆಕ್ಕದಲ್ಲಿ, ಲಸಿಕೆ ಪಡೆದ 712 ಮಕ್ಕಳಲ್ಲಿ 4 ಮಂದಿಗೆ, ಪಡೆಯದ 880 ಮಕ್ಕಳಲ್ಲಿ 45 ಮಂದಿಗೆ ರೋಗವು ತಗುಲಿತ್ತು.

ಈಗ ತಟ್ಟೆಯ ಬದಲಾಗಿ ಮೂಗಿನ ಹಿಂಭಾಗದಿಂದ ದ್ರವವನ್ನು ತೆಗೆದು ಪರೀಕ್ಷಿಸುವರು. ಆದರೂ ಮೊದಲ ಸಂಶಯವು ಹುಟ್ಟಬೇಕಾದುದು ಮನೆಯಲ್ಲಿಯೇ. ಎಳೆಗೂಸುಗಳಲ್ಲಿ ಕೂಗು ಕೇಳಿಸದೆಯೇ ಹೋಗಬಹುದು. ಉಸಿರು ನಡುನಡುವೆ ನಿಂತು ಮೈ ನೀಲಿಗಟ್ಟಬಹುದು. ಆಗ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ದೊಡ್ಡವರಲ್ಲಿ ವಾರಗಟ್ಟಲೆ ಬಿಡದ ಕೆಮ್ಮು ಮಾತ್ರವೇ ಇರಬಹುದು. ಅವರಿಂದಲೇ ಕೂಸಿಗೆ ಅಂಟುವುದು ಅಪರೂಪವಲ್ಲ. ಆದುದರಿಂದ ಒಬ್ಬರು ಕೆಮ್ಮಿದರೆ ಮನೆಯವರೆಲ್ಲರನ್ನೂ ವಿಚಾರಿಸಬೇಕು: ಯಾರಿಗೆ ಮೊದಲು ಬಂದಿತು? ಎಷ್ಟು ದಿನಗಳಾದುವು? ರಾತ್ರಿ ಹೆಚ್ಚೋ? ಕೆಮ್ಮಿದ ಮೇಲೆ ವಾಂತಿಯುಂಟೋ? ಈ ಉತ್ತರಗಳು ವೈದ್ಯರಿಗೆ ಬಹು ಉಪಕಾರಕ.

ನಮ್ಮ ದೇಶದಲ್ಲಿ ಕೂಸಿಗೆ 6, 10, 14ನೆಯ ವಾರಗಳಲ್ಲಿ ಈ ಲಸಿಕೆಯನ್ನು ಹಾಕುವರು. ಪ್ರಿಯ ಬಾಲಿಕೆಯರೇ, ತಮ್ಮತಂಗಿಯರನ್ನು ಎತ್ತಿ ಆಡಿಸುವ ನೀವು ಆ ದಿನಗಳನ್ನು ತಾಯಂದಿರಿಗೆ ನೆನಪು ಮಾಡಿರಿ. ನಿಮಗೇ ಕೆಮ್ಮು ಬಂದಾಗ ತೊಟ್ಟಿಲಿನಿಂದ ದೂರವಿರಿ. ನೀವು ಕಲಿತ ವಿದ್ಯೆಯು ಮನೆಗೆ ಸಲ್ಲುವ ಬಗೆಗಳಲ್ಲಿ ಇದೂ ಒಂದೆಂದು ನಾವು ಭಾವಿಸುವೆವು.