ಹೊಸ ತೊಟ್ಟಿಗೆ ಎಂಥ ಮರಳು?

ನನ್ನ ತಂದೆಯವರು ಗಾರೆ ಕೆಲಸದವರು. ಮರಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಕೈಗೆ ಮಣ್ಣು ಹತ್ತಿದರೆ ಬೇಡವೆಂದು ಬಿಡುವರು. ಅಕ್ಷರ ಬಾರದ ಅವರಿಗೆ ತಿಳಿದ ಈ ವಿದ್ಯೆಯು, ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ತಿಳಿಯಬೇಕಾದರೆ ಎರಡು ಮೀನುಗಳ ಪ್ರಾಣ ಹೋಗಬೇಕಾಯಿತು. ಆ ಪಾಠವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾಲೇಜಿನ ಶುಲ್ಕಕ್ಕಾಗಿ ನಾನು ಸಂಜೆ ಬೆಂಗಳೂರಿನ ಒಂದು ಮೀನಿನ ಅಂಗಡಿಯಲ್ಲಿ ದುಡಿಯುತ್ತೇನೆ. ಅಲ್ಲೊಂದು ಹವಳದ ತೊಟ್ಟಿಯಿದೆ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಬೆರೆಸಿದ ನೀರಿನಲ್ಲಿ ಕಲ್ಲು, ಮೃದು ಹವಳ, ಮೀನುಗಳನ್ನು ಸಾಕುವ ಗಾಜಿನ ತೊಟ್ಟಿಯದು. ಕಳೆದ ವರ್ಷ ಹಳೆಯ ತೊಟ್ಟಿ ಸೋರತೊಡಗಿತು. ನಾನು ಮೂರು ವರ್ಷದ ಹಳೆಯ ಮರಳನ್ನೆಲ್ಲ ಬಕೆಟ್ಟಿಗೆ ತುಂಬಿ ಹಾಗೆಯೇ ಹೊಸ ತೊಟ್ಟಿಗೆ ಸುರಿದೆ. ಮರುದಿನ ನೀರು ಕದಡಿ, ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತಿದ್ದುವು. ಎರಡು ಕ್ಲೌನ್ ಮೀನುಗಳು ಸತ್ತುವು. ಯಜಮಾನರು ಸಂಬಳ ಹಿಡಿಯಲಿಲ್ಲ. "ಮೊದಲು ಮರಳನ್ನು ಓದು" ಎಂದಷ್ಟೇ ಹೇಳಿದರು.

ಕಾರಣವಿಷ್ಟೆ. ಮೀನಿನ ಮಲ, ಮಿಕ್ಕ ಆಹಾರ ಮರಳಿನೊಳಕ್ಕೆ ಇಳಿದು ಕೊಳೆಯುತ್ತವೆ. ಗಾಳಿಯಾಡದ ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಮರಳನ್ನು ಕಲಕಿದರೆ ಈ ವಿಷವೂ ಅಮೋನಿಯವೂ ನೀರಿಗೆ ಬಿಡುಗಡೆಯಾಗುತ್ತವೆ. ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಉಪಕಾರಿ ಬ್ಯಾಕ್ಟೀರಿಯಗಳಾದರೋ ಹೆಚ್ಚಾಗಿ ಕಲ್ಲಿನ ರಂಧ್ರಗಳಲ್ಲಿಯೂ ಮರಳಿನ ಮೇಲ್ಪದರದಲ್ಲಿಯೂ ಇರುತ್ತವೆ. ಆದುದರಿಂದ ಹಳೆಯ ಮರಳನ್ನು ಬಿಡುವುದರಿಂದ ದೊಡ್ಡ ನಷ್ಟವಿಲ್ಲ. ಕಲ್ಲುಗಳನ್ನು ಮಾತ್ರ ಉಪ್ಪುನೀರಿನಲ್ಲಿ ಒಣಗದಂತೆ ಕಾಪಾಡಬೇಕು.

ಹಾಗಾದರೆ ಹೊಸ ಮರಳು ಎಂಥದಿರಬೇಕು? ಕಟ್ಟಡದ ಹೊಳೆಮರಳು ಬಹುಮಟ್ಟಿಗೆ ಸಿಲಿಕ. ಹವಳದ ತೊಟ್ಟಿಗೆ ಒಪ್ಪುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪವಾದ ಅರಗೊನೈಟ್. ಹವಳದ ಅಸ್ಥಿಯೂ ಇದರಿಂದಲೇ ಆದುದು. ಹವಳದ ದ್ವೀಪಗಳ ಬಿಳಿಮರಳಿನ ಒಂದು ಭಾಗ ಗಿಣಿಮೀನುಗಳು ಹವಳವನ್ನು ಕಡಿದು ವಿಸರ್ಜಿಸಿದ ಪುಡಿಯೆಂದರೆ ಯಾರಿಗೆ ಸೋಜಿಗವಾಗದು! ಹಿಡಿ ಮರಳಿಗೆ ಎರಡು ತೊಟ್ಟು ನಿಂಬೆರಸ ಹಿಂಡಿ ನೋಡಿ. ನೊರೆಗುಳ್ಳೆ ಎದ್ದರೆ ಸುಣ್ಣದ ಮರಳು, ಏಳದಿದ್ದರೆ ಸಿಲಿಕ. ಸಮುದ್ರತೀರದಿಂದ ತಾವೇ ತುಂಬಿ ತರುವುದು ಸಲ್ಲದು. ಅದರಲ್ಲಿ ಏನೇನು ಕಶ್ಮಲ ಸೇರಿರುತ್ತದೋ!

ಕಣದ ಗಾತ್ರ 1ರಿಂದ 2 ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ತೀರ ನುಣುಪಾದುದು ಪಂಪಿನ ಸೆಳೆತಕ್ಕೆ ಹಾರಾಡಿ ಹವಳದ ಮೇಲೆ ಕೂರುತ್ತದೆ. ದಪ್ಪನೆಯದರ ಸಂದುಗಳಲ್ಲಿ ಕೊಳೆ ನಿಲ್ಲುತ್ತದೆ. ಬಾಯಲ್ಲಿ ಮರಳು ಜರಡಿಯಾಡುವ ಗೋಬಿ ಮೀನಿದ್ದರೆ ಸ್ವಲ್ಪ ಸಣ್ಣ ಕಣವೇ ಲೇಸು. ಮರಳು 3 ಸೆಂಟಿಮೀಟರ್ ಆಳವಿದ್ದರೆ ಶುಚಿ ಮಾಡುವುದು ಸುಲಭ. 90 ಸೆಂಟಿಮೀಟರ್ ಉದ್ದ, 45 ಅಗಲದ ತೊಟ್ಟಿಗೆ ಹೀಗೆ ಸುಮಾರು 12 ಲೀಟರ್ ಮರಳು ಬೇಕಾಗುತ್ತದೆ.

ಒಣ ಮರಳನ್ನು ತಿಳಿನೀರು ಬರುವವರೆಗೆ ತೊಳೆಯಬೇಕು. ಬಳಿಕ ಹಳೆಯ ಮರಳಿನ ಮೇಲ್ಪದರದಿಂದ, ದುರ್ವಾಸನೆಯಿಲ್ಲದಿದ್ದರೆ, ಒಂದು ಬಟ್ಟಲು ತೆಗೆದು ಉಪ್ಪುನೀರಿನಲ್ಲಿ ಜಾಲಿಸಿ ಹೊಸದರ ಮೇಲೆ ಹರಡಬೇಕು. ನಲ್ಲಿಯ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆ ಇದು. ಹೆಪ್ಪಿಗೆ ಒಂದು ಚಮಚ ಸಾಕು, ಹಳೆಯ ಮೊಸರೆಲ್ಲ ಬೇಡ. ಮೀನುಗಳನ್ನು ಗಾಳಿ ಪಂಪು ಹಾಕಿದ ಬಕೆಟ್ಟಿನಲ್ಲಿಟ್ಟು, ಹೊಸ ನೀರಿನಲ್ಲಿ ಅಮೋನಿಯ ಸೊನ್ನೆಯೆಂದು ಪರೀಕ್ಷಿಸಿದ ಮೇಲೆಯೇ ಬಿಡಬೇಕು. ಈ ಕ್ರಮದಿಂದ ಎರಡನೆಯ ಸಲ ತೊಟ್ಟಿ ಬದಲಿಸಿದಾಗ ಒಂದು ಮೀನೂ ಸಾಯಲಿಲ್ಲ.

ಇದನ್ನೆಲ್ಲ ತಂದೆಯವರಿಗೆ ವಿವರಿಸಿದೆ. ಅವರು ನಕ್ಕು, "ಹಳೇ ಗೋಡೆ ಗಾರೆ ಕೆರೆದು ಹೊಸ ಗೋಡೆಗೆ ಯಾರಾದ್ರೂ ಬಳೀತಾರೇನ್ಲಾ ಮಗಾ?" ಎಂದರು. ತೊಟ್ಟಿ ಬದಲಿಸುವ ಮೊದಲು ಅವರನ್ನೊಂದು ಮಾತು ಕೇಳಿದ್ದರೆ ಆ ಎರಡು ಮೀನುಗಳು ಉಳಿಯುತ್ತಿದ್ದುವೋ ಏನೋ!