ಒಂದು ಖಾನಾವಳಿ ಹದಿನೆಂಟು ಎಕರೆ ಉಣ್ಣುತ್ತದೆ

ನಮ್ಮೂರು ಗೂಗಲ್. ಮೊಬೈಲಿನಲ್ಲಿ ಹುಡುಕುವ ಗೂಗಲ್ ಹುಟ್ಟುವುದಕ್ಕೆ ಎಷ್ಟೋ ಮುಂಚಿನದು. ದೇವದುರ್ಗ ತಾಲೂಕು, ಕೃಷ್ಣೆಯ ದಂಡೆ, ಅಲ್ಲಮಪ್ರಭುವಿನ ಗುಡಿ ಇರುವ ಊರು. ನನಗಿರುವುದು ಐದು ಎಕರೆ. ಮೂರಕ್ಕೆ ನೀರಿದೆ, ಅಲ್ಲಿ ಭತ್ತ. ಉಳಿದ ಎರಡು ಎರೆ ಹೊಲ, ಮಳೆ ನಂಬಿದ್ದು. ಅಲ್ಲಿ ಬಹಳ ವರ್ಷ ಹತ್ತಿ ಹಾಕುತ್ತಿದ್ದೆ. ಈ ಲೇಖನ ಆ ಎರಡು ಎಕರೆಯದು. ಆದರೆ ಶುರುವಾಗುವುದು ಒಂದು ಊಟದಿಂದ.

ರಾಯಚೂರಿಗೆ ಗೊಬ್ಬರ ತರಲು ಹೋದಾಗೆಲ್ಲ ನಾನು ಉಣ್ಣುವುದು ಒಂದು ಹಳೇ ಖಾನಾವಳಿಯಲ್ಲಿ. ಕಲ್ಲಿನ ಗೋಡೆ, ಕಟ್ಟಿಗೆ ತೊಲೆ, ಹೊಗೆಗೆ ಕಪ್ಪಾದ ಮಾಳಿಗೆ. ನಮ್ಮಪ್ಪನೂ ಅಲ್ಲೇ ಉಣ್ಣುತ್ತಿದ್ದ. ಈಗ ನಡೆಸುವಾಕೆ ಮೂರನೇ ತಲೆಮಾರಿನ ಸೊಸೆ. ಹೆಸರು ಬರೆಯಬೇಡ್ರಿ ಅಂದಿದ್ದಾಳೆ, ಬರೆಯುವುದಿಲ್ಲ. ಕಟ್ಟಡ ಹಳೆಯದು, ಊಟ ಮಾತ್ರ ಆಯಾ ದಿನದ್ದು. ಹಲಗೆ ಮೇಲೆ ಪಟ್ಟಿ ಇಲ್ಲ. ಸಂತೆಗೆ ಏನು ಬಂತೋ ಅದು ತಾಟಿಗೆ. ಮಳೆಗಾಲಕ್ಕೆ ತೊಗರಿಬೇಳೆ, ಜೋಳದ ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯ. ಚಳಿಗಾಲಕ್ಕೆ ಎಣ್ಣೆಗಾಯಿ ಬದನೆ, ಹಸಿ ಮೆಂತ್ಯ, ಉಳ್ಳಾಗಡ್ಡಿ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಎಲ್ಲಕ್ಕಿಂತ ಮೊದಲು ಹಂಚಿನಿಂದ ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿ.

ಖಾನಾವಳಿ ಅಂದರೆ ಬರೀ ಹೊಟೇಲಲ್ಲ. ಊರು ಬಿಟ್ಟು ದುಡಿಯಲು ಬಂದವರಿಗೆ ಮನೆಯೂಟ ಹಾಕುವ ಜಾಗ. ಮುಂಬಯಿಯ ಹತ್ತಿ ಗಿರಣಿ ಕೆಲಸಗಾರರಿಗೆ ಹೀಗೆ ಮನೆಯಲ್ಲೇ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರು ಕಟ್ಟಿಕೊಂಡ ಸಂಘವೇ 1975ರಲ್ಲಿ ಪ್ರೇಮಾ ಪುರವ್ ಶುರುಮಾಡಿದ ಅನ್ನಪೂರ್ಣಾ ಮಹಿಳಾ ಮಂಡಳ. ನಮ್ಮ ಕಡೆಯಿಂದ ಗುಳೆ ಹೋದವರಿಗೆ ಖಾನಾವಳಿ ಊಟದ ಬೆಲೆ ಚೆನ್ನಾಗಿ ಗೊತ್ತು.

ರೊಟ್ಟಿ ಯಾಕೆ ಹರಿಯಿತು?

ಮೂರು ವರ್ಷದ ಹಿಂದೆ ಒಂದು ದಿನ ರೊಟ್ಟಿ ಮುರಿದು ಮುರಿದು ಬಂತು. ಕೇಳಿದೆ. ಆಕೆ ಬೇಸರದಿಂದಲೇ ಹೇಳಿದಳು: "ಕೈ ಅದೇ ಅದ, ಹಂಚೂ ಅದೇ ಅದ. ಜ್ವಾಳದಾಗ ಜಿಗಿ ಇಲ್ರೀ. ಪ್ಯಾಟ್ಯಾಗ ಸಿಕ್ಕಿದ್ದು ತರಬೇಕು. ನೀವೆಲ್ಲಾ ಭತ್ತದ ಬೆನ್ನು ಹತ್ತೀರಿ, ಬಿಳಿ ಜ್ವಾಳ ಯಾರು ಬೆಳೀತಾರ?"

ನನಗೆ ಚುಚ್ಚಿತು. ನಮ್ಮನೆಯಲ್ಲೂ ಜೋಳ ಕೊಂಡೇ ತರುತ್ತಿದ್ದೆವು. ಅಜ್ಜನ ಕಾಲದ ಹಗೇವು ಮಣ್ಣು ತುಂಬಿ ಮುಚ್ಚಿಹೋಗಿದೆ. ನಾರಾಯಣಪುರ ಬಲದಂಡೆ ಕಾಲುವೆ ತಾಲೂಕಿಗೆ ನೀರು ತಂದಿತು, ಭತ್ತ ತಂದಿತು, ಒಳ್ಳೆಯದೇ ಆಯಿತು. ಆದರೆ ನೀರು ಏರದ ಹೊಲದಲ್ಲೂ ಜೋಳ ಬಿಟ್ಟೆವಲ್ಲ, ಅದಕ್ಕೆ ಕಾಲುವೆ ಕಾರಣವಲ್ಲ.

ಜಿಗಿಯ ಮಾತು ನಿಜವೇ. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಎಳೆಯುವ ಗುಣವಿಲ್ಲ. ಕುದಿನೀರು ಬಿದ್ದಾಗ ಅದರ ಪಿಷ್ಟ ಅಂಟಾಗುತ್ತದೆ, ಆಮೇಲೆ ನಾದಬೇಕು, ತಟ್ಟಬೇಕು. ಮಳೆಗೆ ಸಿಕ್ಕು ಕಪ್ಪಾದ ಮುಂಗಾರಿ ಕಾಳು, ಬೀಸಿ ಬಹಳ ದಿನವಾದ ಹಿಟ್ಟು ಎರಡೂ ರೊಟ್ಟಿಗೆ ಆಗುವುದಿಲ್ಲ. ಹಿಂಗಾರಿಯ ಮಾಲ್ದಂಡಿಯೇ ಬೇಕು. ಎಂ 35-1 ಎನ್ನುವ ತಳಿ 1930ರ ದಶಕದಲ್ಲಿ ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ಊರ ಮಾಲ್ದಂಡಿಯಿಂದಲೇ ಆರಿಸಿದ್ದು. ಇಂದಿಗೂ ರೊಟ್ಟಿಗೆ ಅದೇ ಸೈ.

ಎರಡೆಕರೆಯ ಲೆಕ್ಕ

"ನೀವು ಬೆಳೀರಿ, ನಾ ಒಯ್ತೀನಿ" ಅಂದಳು ಆಕೆ. ಸೆಪ್ಟೆಂಬರ್ ಕೊನೆಗೆ ಹದ ನೋಡಿ ಎಕರೆಗೆ ಮೂರು ಕಿಲೋ ಬೀಜ ಕೂರಿಗೆಯಲ್ಲಿ ಬಿತ್ತಿದೆ. ನೀರಿಲ್ಲ, ಔಷಧಿ ಇಲ್ಲ. ಎರೆ ಮಣ್ಣಿನ ಹಸಿಯಲ್ಲೇ ಬೆಳೆ ಬಂತು. ಕಾಟ ಕೊಟ್ಟದ್ದು ಎರಡು. ಒಂದು ಹಕ್ಕಿ. ಸುತ್ತ ಎಲ್ಲೂ ಜೋಳವಿಲ್ಲ, ಊರ ಹಕ್ಕಿಯೆಲ್ಲ ನನ್ನ ಹೊಲಕ್ಕೇ. ಇನ್ನೊಂದು ಕೊಯ್ಲಿನ ಆಳು.

ಬಂದದ್ದು ಹತ್ತು ಕ್ವಿಂಟಲ್. ಆರು ಮನೆಗೆ ಇಟ್ಟೆ. ನಾಲ್ಕು ಖಾನಾವಳಿಗೆ ಕೊಟ್ಟೆ, ಕ್ವಿಂಟಲಿಗೆ 4,000 ರೂ.ನಂತೆ 16,000 ರೂ. ಬಂತು. ಖರ್ಚು ಸುಮಾರು 14,000 ರೂ. ಅಂದರೆ ಮನೆಯ ಜೋಳ, ಎರಡು ಎಮ್ಮೆಗೆ ಕಣಿಕೆ, ಮಕ್ಕಳು ತಿಂದ ಸೀತನಿ ಇವೆಲ್ಲ ಉಳಿಕೆ. ಸುಳ್ಳು ಹೇಳಲಾರೆ, ನೀರು ಬಂದ ವರ್ಷ ಭತ್ತವೇ ಹೆಚ್ಚು ಕೊಡುತ್ತದೆ. ಆದರೆ ಒಣ ಹೊಲದಲ್ಲಿ ಹತ್ತಿ ಕೊಟ್ಟ ಸಾಲ ಜೋಳ ಕೊಡಲಿಲ್ಲ. 2025-26ಕ್ಕೆ ಸರ್ಕಾರ ಸಾರಿದ ಬೆಂಬಲ ಬೆಲೆಯಲ್ಲೂ ಮಾಲ್ದಂಡಿಗೆ 3,749 ರೂ., ಸಾಮಾನ್ಯ ಭತ್ತಕ್ಕೆ 2,369 ರೂ. ಇಳುವರಿ ಕಡಿಮೆಯಾದರೂ ದರದಲ್ಲಿ ಜೋಳ ಬಡವನಲ್ಲ.

ಮುಖ್ಯ ಲೆಕ್ಕ ಮುಂದಿದೆ. ಆಕೆ ಕಿಲೋ ಹಿಟ್ಟಿಗೆ 12 ರೊಟ್ಟಿ ಬಡಿಯುತ್ತಾಳೆ. ದಿನಕ್ಕೆ 300 ರೊಟ್ಟಿ. ಅಂದರೆ 25 ಕಿಲೋ. ವರ್ಷಕ್ಕೆ 90 ಕ್ವಿಂಟಲ್. ಎಕರೆಗೆ ಐದು ಕ್ವಿಂಟಲಿನಂತೆ ಹಿಡಿದರೆ ಹದಿನೆಂಟು ಎಕರೆ ಜೋಳವನ್ನು ಆ ಒಂದು ಸಣ್ಣ ಖಾನಾವಳಿ ಉಣ್ಣುತ್ತದೆ! ನನ್ನಂಥ ಒಂಬತ್ತು ಜನರ ಒಣ ಹೊಲಕ್ಕೆ ಅದೊಂದೇ ಗಿರಾಕಿ ಸಾಕು. ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಇಂಥವು ಎಷ್ಟಿಲ್ಲ?

ದೂರದ ಒಂದು ಮಾತು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಬ್ ಎಂಬ ಹಳೇ ಪಾನಗೃಹಗಳಿವೆ. ಕುಡಿಯುವವರು ಕಡಿಮೆಯಾಗಿ ಸಾವಿರಾರು ಮುಚ್ಚಿದವು. ಕೆಲವು ಊಟದಿಂದ ಉಳಿದವು. ಕೆಂಟ್ ಸೀಮೆಯ ಸಮುದ್ರದಂಡೆ ಊರು ಸೀಸಾಲ್ಟರ್‌ನಲ್ಲಿ ಸ್ಪೋರ್ಟ್ಸ್‌ಮನ್ ಎನ್ನುವುದೊಂದು. 1999ರಲ್ಲಿ ಸ್ಟೀಫನ್ ಹ್ಯಾರಿಸ್ ಎನ್ನುವವರು ಅದನ್ನು ಹಿಡಿದರು. ಎದುರಿನ ಸಮುದ್ರದ ನೀರಿನಿಂದ ಉಪ್ಪು ತೆಗೆದರು, ಬೆಣ್ಣೆ ತಾವೇ ಕಡೆದರು, ಸುತ್ತಲ ಹೊಲ, ಕಡಲಲ್ಲಿ ಸಿಕ್ಕಿದ್ದನ್ನೇ ಬಡಿಸಿದರು. 2008ರಲ್ಲಿ ಹೆಸರಾಂತ ಮಿಷೆಲಿನ್ ನಕ್ಷತ್ರ ಬಂತು. ಇದನ್ನೇ ಅವರು ಹೊಸ ಬ್ರಿಟಿಷ್ ಅಡುಗೆ ಎನ್ನುತ್ತಾರೆ. ನಮ್ಮ ಖಾನಾವಳಿಯಾಕೆ ಮಾಡುತ್ತ ಬಂದದ್ದೂ ಅದನ್ನೇ ಅಲ್ಲವೆ? ವ್ಯತ್ಯಾಸ ಒಂದೇ. ಅಲ್ಲಿ ಪಕ್ಕದ ಹೊಲದವನು ಬೆಳೆಯುವುದನ್ನು ಬಿಟ್ಟಿಲ್ಲ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು. ಭಾಷಣ ಬಹಳ ಕೇಳಿದೆವು. ನನಗೆ ಹೊಲಕ್ಕೆ ದಾರಿ ತೋರಿಸಿದ್ದು ಒಂದು ಹರಿದ ರೊಟ್ಟಿ.

ಆಕೆಗೂ ಚಿಂತೆ ಇದೆ. "ನನ್ನ ನಂತರ ಈ ಹೊಗೆ ಮುಂದ ಯಾರು ಕೂಡ್ತಾರ?" ಎನ್ನುತ್ತಾಳೆ. ಮಗಳಿಗೆ ಮನಸ್ಸಿಲ್ಲ, ತಪ್ಪೂ ಅಲ್ಲ. ಈಗ ಅನಿಲ ಒಲೆ ಇಟ್ಟಿದ್ದಾಳೆ, ಇನ್ನಿಬ್ಬರಿಗೆ ಕೂಲಿ ಕೊಟ್ಟು ರೊಟ್ಟಿ ಬಡಿಸುತ್ತಾಳೆ. ಕಳೆದ ಹಿಂಗಾರಿಯಲ್ಲಿ ನನ್ನ ಜೊತೆ ಮತ್ತೆ ಮೂವರು ಬಿತ್ತಿದರು. ಹೊಲ ನಾಲ್ಕಾದ ಮೇಲೆ ಹಕ್ಕಿ ಕಾಟವೂ ಹಂಚಿಹೋಯಿತು.

ಓದುಗ ಮಿತ್ರರೇ, ಪೇಟೆಗೆ ಹೋದಾಗ ನೀವು ಉಣ್ಣುವ ಖಾನಾವಳಿಯಲ್ಲಿ ಎರಡು ಮಾತು ಕೇಳಿ: ದಿನಕ್ಕೆ ಎಷ್ಟು ರೊಟ್ಟಿ, ಜೋಳ ಎಲ್ಲಿಯದು? ಉತ್ತರ ಸಿಕ್ಕ ದಿನ ಸಂಜೆ, ನಿಮ್ಮ ಒಣ ಹೊಲದ ಬದುವಿನ ಮೇಲೆ ಕೂತು ಲೆಕ್ಕ ಹಾಕಿ.